ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗದ ಕಂಪ್ಯೂಟರ್, ಅದೂ ಎಲ್ಲ ದಿನ ಅಲ್ಲ

ಹೊಳೆಸಾಲು:

ನಮ್ಮ ಮನೆ ಸಾಗರದಿಂದ 18 ಕಿಲೋಮೀಟರ್ ಒಳಗೆ. ಮನೆಯಲ್ಲೇ ಕೂತು ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕರೆಯೋಲೆ, ಸೊಸೈಟಿ ನೋಟೀಸು, ಇಂಥವು. ಕಂಪ್ಯೂಟರ್ 2014ರಲ್ಲಿ ಜೋಡಿಸಿದ್ದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳೆಲ್ಲ ಅದರಲ್ಲೇ ಇವೆ, ಅದಕ್ಕೇ ಬಿಡಲು ಮನಸ್ಸಿಲ್ಲ.

ಮಳೆ ಹಿಡಿದಾಗಿನಿಂದ ಒಂದು ಕಾಟ ಶುರುವಾಗಿದೆ. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಪರದೆ ಮೇಲೆ ಮಾತ್ರ ಏನೂ ಇಲ್ಲ. ಮಾನಿಟರ್ 'ನೋ ಸಿಗ್ನಲ್' ಎಂದು ತೋರಿಸಿ ಮಲಗುತ್ತದೆ. ಬೀಪ್ ಸದ್ದೂ ಇಲ್ಲ. ಆಫ್ ಮಾಡಿ ಮತ್ತೆ ಒತ್ತಬೇಕು. ಐದನೇ ಸಲವೋ ಆರನೇ ಸಲವೋ, ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ಎದ್ದು ಕೂರುತ್ತದೆ. ಆಮೇಲೆ ರಾತ್ರಿವರೆಗೆ ಒಂದು ತಕರಾರಿಲ್ಲ. ಊಟಕ್ಕೆ ಆಫ್ ಮಾಡಿ ಹೋಗಿ ಬಂದರೂ ಮೊದಲನೇ ಸಲಕ್ಕೇ ಬರುತ್ತದೆ. ಕೆಲವು ದಿನ ಬೆಳಿಗ್ಗೆಯೂ ಸರಿ ಇರುತ್ತದೆ!

ಪೇಟೆಯ ಅಂಗಡಿಗೆ ಒಯ್ದೆ. ಅಲ್ಲಿ ಚೆಂದವಾಗಿ ಸ್ಟಾರ್ಟ್ ಆಯಿತು. (ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗಿದ್ದೆ. ಸ್ಟಾರ್ಟ್ ಆಗದೇ ಇದ್ದದ್ದು ನನ್ನ ಕಾಲು.) ಅವರು ವಿಂಡೋಸ್ ಫಾರ್ಮ್ಯಾಟ್ ಹೊಡೆದು 500 ರೂಪಾಯಿ ತೆಗೆದುಕೊಂಡರು. ಮಾರನೇ ದಿನ ಅದೇ ಕಥೆ. ನಮ್ಮನೆಯವರು "ಅದಕ್ಕೂ ಶೀತ ಆಗಿದೆ, ಕಷಾಯ ಕುಡಿಸು" ಅನ್ನುತ್ತಾರೆ. ಯಾರಾದರೂ ದಾರಿ ಹೇಳಿ.

ಅಳಿಸುವ ರಬ್ಬರ್:

ಮೇಡಂ, ರ್‍ಯಾಮ್ (ಮೆಮೊರಿ ಪಟ್ಟಿ) ಬಿಚ್ಚಿ ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನೋವರೆಗೆ ಒತ್ತಿ ಕೂರಿಸಿ. ನೂರಕ್ಕೆ ತೊಂಬತ್ತು ಕೇಸು ಇದೇ. ಬಿಚ್ಚುವ ಮೊದಲು ಪ್ಲಗ್ ಕೀಳಿ.

ಹೊಳೆಸಾಲು:

ಸರ್, ಮಾಡಿದೆ. ಎರಡು ದಿನ ಸ್ವರ್ಗ. ಮೂರನೇ ದಿನ ಮತ್ತೆ ನೋ ಸಿಗ್ನಲ್.

ಬೆಸುಗೆ ಕಡ್ಡಿ:

ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಕೆಲಸ ಮಾಡಿಕೊಂಡಿದ್ದೇನೆ. ಮೊದಲು ಒಂದು ಮಾತು. ಮದರ್‌ಬೋರ್ಡ್ ಕಂಪನಿಯ ಲೋಗೋ ಕೂಡ ಬರುತ್ತಿಲ್ಲ ಅಂದರೆ ಮಷೀನು ಇನ್ನೂ ವಿಂಡೋಸ್ ಬಾಗಿಲಿಗೇ ಬಂದಿಲ್ಲ. ಫಾರ್ಮ್ಯಾಟ್ ಹೊಡೆದು ಏನು ಬಂತು? ನಿಮ್ಮ 500 ದಂಡ.

ಎರಡು ಪ್ರಶ್ನೆ. ಸ್ಟಾರ್ಟ್ ಆದ ಮೇಲೆ ಗಡಿಯಾರ, ತಾರೀಕು ಸರಿ ತೋರಿಸುತ್ತದಾ? ಬೋರ್ಡಿನ ಮೇಲಿರುವ ಬಿಲ್ಲೆಯಂಥ ಸಿಆರ್2032 ಸೆಲ್ ಸತ್ತಿದ್ದರೆ ತಾರೀಕು ಹಿಂದಕ್ಕೆ ಓಡುತ್ತದೆ. ಎರಡನೆಯದು, ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡುತ್ತೀರಾ?

ಹೊಳೆಸಾಲು:

ತಾರೀಕು ಸರಿ ಇದೆ. ಸ್ವಿಚ್ ಆಫ್ ಮಾಡುವುದಿಲ್ಲ. ಆದರೆ ಇಲ್ಲಿ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದಿರುವುದು ಮಾಮೂಲು. ಇನ್ವರ್ಟರ್ ಲೈನನ್ನು ಈ ರೂಮಿಗೆ ಎಳೆದಿಲ್ಲ.

ಇನ್ನೊಂದು. ಹೇಳಲು ನಾಚಿಕೆ. ಬೂಷ್ಟು ಬರದಿರಲಿ ಅಂತ ಬಟ್ಟೆ ಬೀರುವಿನೊಳಗೆ ಬಲ್ಬು ಉರಿಸಿ ಇಡುತ್ತೇವಲ್ಲ, ಅದನ್ನು ತಂದು ಡಬ್ಬದ ಪಕ್ಕದ ಮುಚ್ಚಳ ತೆಗೆದು ಅರ್ಧ ಗಂಟೆ ಇಟ್ಟೆ. ಮೊದಲನೇ ಸಲಕ್ಕೇ ಸ್ಟಾರ್ಟ್ ಆಯಿತು.

ಬೆಸುಗೆ ಕಡ್ಡಿ:

ಮೇಡಂ, ನಿಮ್ಮ ಯಜಮಾನರು ಡಾಕ್ಟರ್ ಆಗಬೇಕಿತ್ತು. ಶೀತವೇ. ತೇವ ಅಲ್ಲ, ತಣ್ಣಗಿರುವುದು.

ನನ್ನ ಅನುಮಾನ ಎಸ್‌ಎಂಪಿಎಸ್ ಮೇಲೆ. ಕರೆಂಟ್ ವೈರು ಸಿಕ್ಕಿಸುವ ಆ ತಗಡಿನ ಡಬ್ಬಿ, ಗೋಡೆಯ ಕರೆಂಟನ್ನು ಬೋರ್ಡಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವುದು ಅದೇ. ಅದರೊಳಗಿನ ಕೆಪಾಸಿಟರುಗಳಲ್ಲಿ, ಅಂದರೆ ಕರೆಂಟನ್ನು ಕೂಡಿಟ್ಟು ಸಮ ಮಾಡುವ ಬಿಡಿಭಾಗಗಳಲ್ಲಿ, ಒಂದು ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಆರುತ್ತಾ ಬರುತ್ತದೆ. ಆರಿದ ಕೆಪಾಸಿಟರ್ ತಣ್ಣಗಿದ್ದಾಗ ಇನ್ನೂ ದುರ್ಬಲ. ಎಸ್‌ಎಂಪಿಎಸ್ ತನ್ನ 12, 5, 3.3 ವೋಲ್ಟ್ ಸ್ಥಿರವಾದ ಮೇಲೆ ಬೋರ್ಡಿಗೆ 'ಪವರ್ ಗುಡ್' ಅನ್ನೋ ಸಂಕೇತ ಕೊಡಬೇಕು. ಅದು ಬರುವವರೆಗೆ ಬೋರ್ಡು ಪ್ರೊಸೆಸರನ್ನು ಎಬ್ಬಿಸುವುದಿಲ್ಲ. ಫ್ಯಾನಿಗೆ ಇದರ ಹಂಗಿಲ್ಲ, ಕರೆಂಟ್ ಸಿಕ್ಕರೆ ತಿರುಗುತ್ತದೆ. ನೀವು ಐದಾರು ಸಲ ಒತ್ತುವಷ್ಟರಲ್ಲಿ ಒಳಗೆ ಸ್ವಲ್ಪ ಬೆಚ್ಚಗಾಗುತ್ತದೆ, ಆಗ ಏಳುತ್ತದೆ.

ಆಫ್ ಮಾಡಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ಭಾಗ ರಾತ್ರಿಯಿಡೀ ಕೆಲಸ ಮಾಡುತ್ತಿರುತ್ತದೆ. ಅಷ್ಟು ಬಿಸುಪು ಉಳಿದಿರುತ್ತದೆ. ಕರೆಂಟ್ ಹೋದ ರಾತ್ರಿ ಅದೂ ಇಲ್ಲ. ನಿಮ್ಮ 'ಕೆಲವು ದಿನ' ಅಂದರೆ ಇದೇ ಇರಬೇಕು. ನಾನು ಹೇಳಿದೆ ಅಂತ ನಂಬಬೇಡಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಕರೆಂಟ್ ಇದ್ದ ರಾತ್ರಿ ಬೇಕೆಂದೇ ಸ್ವಿಚ್ ಆಫ್ ಮಾಡಿಯೂ ಮಲಗಿ.

ಬಲ್ಬು ಪ್ಲಾಸ್ಟಿಕ್, ವೈರು ಇರುವ ಕಡೆ ಇಡಬೇಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವು ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ನಿಂತಿರಬಹುದು.

ಅಳಿಸುವ ರಬ್ಬರ್:

ಹಸಿರು ವೈರು, ಕಪ್ಪು ವೈರು ಪೇಪರ್ ಪಿನ್ನಿನಿಂದ ಸೇರಿಸಿ ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿ ಇದೆ ಅಂತಾರಲ್ಲ?

ಬೆಸುಗೆ ಕಡ್ಡಿ:

ತಿರುಗಿದರೆ ಆನ್ ಆಗುತ್ತದೆ ಅಂತಷ್ಟೇ. ಖಾಲಿ ಗಾಡಿ ಎಳೆದ ಎತ್ತು ತುಂಬಿದ ಗಾಡಿ ಎಳೆಯುತ್ತದೆ ಅಂತ ಹೇಳಕ್ಕಾಗಲ್ಲ. ಚೆನ್ನಾಗಿರುವ ಇನ್ನೊಂದನ್ನು ಎರವಲು ತಂದು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ.

ಹೊಳೆಸಾಲು:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ನೆಟ್ ಇರಲಿಲ್ಲ.

ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದೆ. ಒಂಬತ್ತು ದಿನದಲ್ಲಿ ನಾಲ್ಕು ರಾತ್ರಿ ಕರೆಂಟ್ ಇರಲಿಲ್ಲ. ಆ ನಾಲ್ಕೂ ಬೆಳಿಗ್ಗೆ ಹಟ. ಉಳಿದ ದಿನ ಏನಿಲ್ಲ. ಒಂದು ರಾತ್ರಿ ನಾನೇ ಸ್ವಿಚ್ ಆಫ್ ಮಾಡಿ ಮಲಗಿದೆ. ಬೆಳಿಗ್ಗೆ ಏಳು ಸಲ ಒತ್ತಿಸಿಕೊಂಡಿತು. ಸಿಟ್ಟು ಬರುವ ಬದಲು ಖುಷಿಯಾಯಿತು ನೋಡಿ. ರಬ್ಬರ್ ಉಜ್ಜಿದ ಆ ಎರಡು ದಿನ ಯಾಕೆ ಸರಿ ಇತ್ತು ಅಂತಲೂ ಗೊತ್ತಾಯಿತು, ಆಗ ಕರೆಂಟ್ ಹೋಗಿರಲಿಲ್ಲ!

ಭಾವನ ಮಗನ ಕಂಪ್ಯೂಟರಿನ ಎಸ್‌ಎಂಪಿಎಸ್ ತಂದು ಸಿಕ್ಕಿಸಿದೆವು. ರಾತ್ರಿಯಿಡೀ ಕರೆಂಟ್ ಇಲ್ಲದೆ ಬಿಟ್ಟು ಬೆಳಿಗ್ಗೆ ಒತ್ತಿದರೆ ತಕ್ಷಣ ಬಂತು. ಹೊಸತು 450 ವಾಟಿನದ್ದು ಕೊಂಡೆ, 1,900 ರೂಪಾಯಿ. ಹಾಕಿ ಹನ್ನೊಂದು ದಿನವಾಯಿತು, ಐದು ರಾತ್ರಿ ಕರೆಂಟ್ ಹೋಗಿತ್ತು, ಒಂದು ದಿನವೂ ಎರಡನೇ ಸಲ ಒತ್ತಿಲ್ಲ. ಹಳೆಯದನ್ನು ಅಂಗಡಿಯವರು ಬಿಚ್ಚಿ ತೋರಿಸಿದರು. ಮೂರು ಕೆಪಾಸಿಟರುಗಳ ತಲೆ ಪೂರಿಯ ಹಾಗೆ ಉಬ್ಬಿತ್ತು.

ನುಡಿ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೂ ಹಾಕಿಕೊಂಡೆ. ಬಲ್ಬು ವಾಪಸ್ ಬೀರುವಿಗೆ ಹೋಯಿತು. ಅಷ್ಟರಲ್ಲಿ ಒಂದು ರೇಷ್ಮೆ ಸೀರೆಗೆ ಬೂಷ್ಟು ಬಂದಿತ್ತು.