1997ರಿಂದ: ಸಿನ್ಸೋ, ಫ್ರಮ್ಮೋ?

ನವನಗರದ ತಂದೆ: ಎಂಟನೇ ತರಗತಿಯ ಮಗಳು ಕಿರುಪರೀಕ್ಷೆಯಲ್ಲಿ 'ಬಾಗಲಕೋಟ್ ಈಸ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997' ಎಂದು ಬರೆದಿದ್ದಳು. ಶಿಕ್ಷಕರು 'ಸಿನ್ಸ್' ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ 'ಫ್ರಮ್' ಎಂದು ತಿದ್ದಿ, ಒಂದು ಅಂಕದಲ್ಲಿ ಅರ್ಧ ಕಳೆದಿದ್ದಾರೆ. ವಿಜಯಪುರದಿಂದ ಬೇರ್ಪಟ್ಟು ನಮ್ಮದು ಜಿಲ್ಲೆಯಾದದ್ದು 1997ರಲ್ಲಿ, ಅದರಲ್ಲಿ ತಕರಾರಿಲ್ಲ. ಎರಡೂ ಪದಕ್ಕೆ '1997ರಿಂದ' ಎಂದೇ ಅರ್ಥವಲ್ಲವೇ? ಅರ್ಧ ಅಂಕಕ್ಕಾಗಿ ಹುಡುಗಿ ಊಟ ಬಿಟ್ಟು ಕುಳಿತಿದ್ದಾಳೆ.

ವಿಜಯಪುರದ ನಿವೃತ್ತ ಮಾಸ್ತರ: ಮಗುವಿನ 'ಸಿನ್ಸ್' ಸರಿಯಾಗಿದೆ. ತಪ್ಪಿರುವುದು 'ಈಸ್'. ಆಗ ಶುರುವಾಗಿ ಈಗಲೂ ಮುಂದುವರಿದಿರುವುದಕ್ಕೆ ಇಂಗ್ಲಿಷಿನಲ್ಲಿ 'ಹ್ಯಾಸ್ ಬೀನ್' ಬೇಕು. ನಾವು 'ಹತ್ತು ವರ್ಷಗಳಿಂದ ಇಲ್ಲಿದ್ದೇನೆ' ಎಂದು ವರ್ತಮಾನದಲ್ಲೇ ಹೇಳುತ್ತೇವೆ. ಮಕ್ಕಳು ಅದನ್ನೇ ಇಂಗ್ಲಿಷಿಗೂ ಹೊತ್ತೊಯ್ಯುತ್ತಾರೆ. ಕಳ್ಳ ಒಂದು ಮನೆಯಲ್ಲಿದ್ದರೆ ಶಿಕ್ಷಕರು ಪಕ್ಕದ ಮನೆಯ ಬಾಗಿಲು ಬಡಿದಿದ್ದಾರೆ.

ಬೆಳಗಾವಿಯ ಗುಮಾಸ್ತ: ನಾನು ಒಪ್ಪುವುದಿಲ್ಲ. ಬೆಲಗಾಂ ಅಧಿಕೃತವಾಗಿ ಬೆಳಗಾವಿಯಾದದ್ದು 2014ರ ನವೆಂಬರ್ 1ರಿಂದ. ಇಂಥದ್ದಕ್ಕೆಲ್ಲ ಆದೇಶದಲ್ಲಿ 'ವಿತ್ ಎಫೆಕ್ಟ್ ಫ್ರಮ್' ಎಂದೇ ಬರೆಯುತ್ತೇವೆ. 'ಸಿನ್ಸ್' ಹಾಕಿ ಕಳುಹಿಸಿದರೆ ಕಡತ ಸಂಜೆಯೊಳಗೆ ಮೇಜಿಗೆ ವಾಪಸ್ ಬರುತ್ತದೆ.

ವಿಜಯಪುರದ ನಿವೃತ್ತ ಮಾಸ್ತರ: ಸಾಹೇಬರೇ, ಆದೇಶ ಹೇಳುವುದು ಯಾವ ದಿನದಿಂದ ಜಾರಿ ಎಂಬುದನ್ನು. ಅಲ್ಲಿ 'ಫ್ರಮ್' ಸರಿಯೇ. ಮಗು ಇವತ್ತು ನಿಂತುಕೊಂಡು ಹಿಂದಕ್ಕೆ ನೋಡುತ್ತಿದೆ, ಅದಕ್ಕೆ 'ಸಿನ್ಸ್'. 'ನಾಳೆಯಿಂದ' ಎನ್ನಬೇಕಾದರೆ ನಾನೂ 'ಫ್ರಮ್' ಎನ್ನುತ್ತೇನೆ. ಮುಗಿದುಹೋದ ಸಂಗತಿಗೂ ಅದೇ. ನಮ್ಮ ಬೀಗರು ಹಳೇ ಬಾಗಲಕೋಟೆಯಲ್ಲಿ 1985ರಿಂದ 2001ರವರೆಗೆ ಇದ್ದರು: 'ಫ್ರಮ್', 'ಟು'. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದರು, ಇಂದಿಗೂ ಅಲ್ಲೇ ಇದ್ದಾರೆ: 'ಸಿನ್ಸ್ 2001'.

ಕೆಲಸ ಹುಡುಕುತ್ತಿರುವವ: ಕಳೆದ ವರ್ಷ ಸಂದರ್ಶನವೊಂದರಲ್ಲಿ 'ಐ ವರ್ಕ್ಡ್ ದೇರ್ ಫ್ರಮ್ 2019' ಎಂದೆ. 'ಎಲ್ಲಿಯವರೆಗೆ?' ಎಂದು ಕೇಳಿದರು. 'ಇನ್ನೂ ಅಲ್ಲೇ ಇದ್ದೇನೆ ಸರ್' ಎಂದಾಗ ಮೂವರೂ ಮುಖ ಮುಖ ನೋಡಿಕೊಂಡರು. ಗಾಬರಿಯಲ್ಲಿ 'ಸಿನ್ಸ್ ಫೈವ್ ಇಯರ್ಸ್' ಎಂದು ತಿದ್ದಿಕೊಂಡೆ. ಅದೂ ತಪ್ಪಂತೆ.

ಇಳಕಲ್ಲಿನ ಟ್ಯೂಷನ್ ಅಕ್ಕ: ತಪ್ಪಂತೆ ಅಲ್ಲ ತಮ್ಮಾ, ತಪ್ಪೇ. ನಮ್ಮ 'ಇಂದ' ಬಡಪಾಯಿ, '1997ರಿಂದ', 'ಐದು ವರ್ಷಗಳಿಂದ', 'ನಾಳೆಯಿಂದ' ಎಲ್ಲವನ್ನೂ ಒಂದೇ ಹೆಗಲ ಮೇಲೆ ಹೊರುತ್ತದೆ. ಇಂಗ್ಲಿಷಿನಲ್ಲಿ ಮೂವರು ಆಳುಗಳು. ನಾನು ಮಕ್ಕಳ ಕೈಗೆ ಗೋಡೆಯ ಕ್ಯಾಲೆಂಡರನ್ನೇ ಕೊಟ್ಟುಬಿಡುತ್ತೇನೆ. ಶುರುವಾದ ದಿನದ ಮೇಲೆ ಬೆರಳಿಡಲು ಬಂದರೆ 'ಸಿನ್ಸ್'. ಎಷ್ಟು ಕಾಲವಾಯಿತೆಂದು ಬೆರಳು ಮಡಿಸಿ ಎಣಿಸಬೇಕಾದರೆ 'ಫಾರ್'. ನೀನು ಎಣಿಸಿದ್ದು ಐದು ವರ್ಷ, ಹಾಗಾಗಿ 'ಫಾರ್ ಫೈವ್ ಇಯರ್ಸ್'.

ಕರದಂಟು ಪ್ರಿಯ: ಹಾಗಾದರೆ ಮಿಠಾಯಿ ಡಬ್ಬಿಯ ಮೇಲೆ 'ಸಿನ್ಸ್' ಹಾಕಿ ಇಸವಿ ಅಚ್ಚು ಹಾಕಿರುತ್ತಾರಲ್ಲ, ಅಲ್ಲಿ ಕ್ರಿಯಾಪದವೇ ಇಲ್ಲ. 'ಹ್ಯಾಸ್ ಬೀನ್' ಎಲ್ಲಿ ಹೋಯಿತು?

ವಿಜಯಪುರದ ನಿವೃತ್ತ ಮಾಸ್ತರ: ಅಂಗಡಿ ಇನ್ನೂ ನಡೆಯುತ್ತಿದೆ ಎಂಬುದು ಡಬ್ಬಿ ಕೈಯಲ್ಲಿರುವಾಗಲೇ ಗೊತ್ತಲ್ಲ! ಬಾಗಿಲು ಮುಚ್ಚಿದ ಅಂಗಡಿಗೆ ಆ ಬರಹ ಒಪ್ಪುವುದಿಲ್ಲ.

ಬೆಳಗಾವಿಯ ಗುಮಾಸ್ತ: ಸರಿ, ಜಿಲ್ಲೆಯ ವಿಷಯದಲ್ಲಿ ಸೋತೆ. ಆದರೆ 'ಪರೀಕ್ಷೆ 10 ಗಂಟೆಯಿಂದ ಆರಂಭ' ಎಂಬ ಸೂಚನೆಗೆ 'ಸ್ಟಾರ್ಟ್ಸ್ ಫ್ರಮ್ ಟೆನ್' ಎಂದು ನಾನೇ ನೂರು ಸಲ ಟೈಪ್ ಮಾಡಿದ್ದೇನೆ.

ಇಳಕಲ್ಲಿನ ಟ್ಯೂಷನ್ ಅಕ್ಕ: ಆರಂಭವೆಂಬುದು ಒಂದು ಕ್ಷಣದ ಮಾತು, ಸರ್. ಗಂಟೆಗೆ 'ಅಟ್', ದಿನಕ್ಕೆ 'ಆನ್', ಇಸವಿಗೆ 'ಇನ್'. ಪರೀಕ್ಷೆ ಹತ್ತರಿಂದ ಒಂದರವರೆಗೆ ಎಂದು ಹೇಳುವಾಗ ನಿಮ್ಮ 'ಫ್ರಮ್' ತರಬಹುದು.

ನವನಗರದ ತಂದೆ: ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಊಟಕ್ಕೆ ಎದ್ದಳು. ನಾಳೆ ಶಾಲೆಗೆ ಹೋಗಿ ಮಾತನಾಡುತ್ತೇನೆ ಎಂದರೆ ಬೇಡವೇ ಬೇಡ ಎನ್ನುತ್ತಾಳೆ. 'ಈಸ್' ಕೂಡ ತಪ್ಪೆಂದು ಗೊತ್ತಾದರೆ ಉಳಿದ ಅರ್ಧವನ್ನೂ ಕಳೆದುಬಿಡುತ್ತಾರಂತೆ.