ಗ್ರೀನ್ ರೆಸ್ಟೋರೆಂಟಲ್ಲಿ ಕೆಲಸ ಅಂದ್ರೆ ಅರ್ಧ ಸ್ಟಾಫ್‌ಗೆ ಖುಷಿ, ಇನ್ನರ್ಧಕ್ಕೆ ಕಿರಿಕಿರಿ, ಯಾಕೆ?

ಶಿಫ್ಟ್_ಸೂಪರ್‌ವೈಸರ್:
ಎಲ್ರಿಗೂ ನಮಸ್ಕಾರ. ನಾನೊಂದು ರೆಸ್ಟೋರೆಂಟಲ್ಲಿ ಸೂಪರ್‌ವೈಸರ್. ಏಳೆಂಟು ತಿಂಗಳ ಹಿಂದೆ ನಮ್ಮ ಓನರ್ ಪರಿಸರಸ್ನೇಹಿ ಆಗೋಣ ಅಂತ ಹೊರಟ್ರು. ಬಿಸಾಕೋ ಪ್ಲೇಟು ಡಬ್ಬಿ ಎಲ್ಲ ಹೋಯ್ತು, ಕಸಕ್ಕೆ ಒಂದೇ ಬಿನ್ ಇದ್ದದ್ದು ಮೂರಾಯ್ತು, ನಲ್ಲಿಗಳಿಗೆ ನೀರು ಕಮ್ಮಿ ಬಿಡೋ ನಾಝಲ್ ಬಂತು, ರಾತ್ರಿ ಬಾಗಿಲು ಹಾಕೋ ಮುಂಚೆ ಅವತ್ತು ಎಷ್ಟು ಅಡುಗೆ ವೇಸ್ಟ್ ಆಯ್ತು ಅಂತ ತೂಕ ಹಾಕಿ ಬುಕ್ಕಲ್ಲಿ ಬರೀಬೇಕು. ಸರ್ವಿಸ್ ಹುಡುಗ್ರಿಗೆ ಫುಲ್ ಜೋಶ್, ಕಸ್ಟಮರ್ ಹತ್ರ ಹೆಮ್ಮೆಯಿಂದ ಹೇಳ್ಕೋತಾರೆ. ಪಾತ್ರೆ ತೊಳೆಯೋರು, ಕಿಚನ್ ಹೆಲ್ಪರ್‌ಗಳು ಮಾತ್ರ ಮುಖ ಗಂಟು ಹಾಕ್ಕೊಂಡೇ ಇರ್ತಾರೆ. ಎರಡು ಸಲ ಟ್ರೈನಿಂಗ್ ಕೊಟ್ವಿ, ಭೂಮಿ ಬಿಸಿ ಆಗ್ತಿರೋದು ಸಮುದ್ರದಲ್ಲಿ ಪ್ಲಾಸ್ಟಿಕ್ ತೇಲ್ತಿರೋದು ಎಲ್ಲಾ ತೋರಿಸಿದ್ವಿ, ತಲೆ ಆಡಿಸಿದ್ರು, ಮಾರನೇ ದಿನ ನೋಡಿದ್ರೆ ಹಸಿ ಕಸದಲ್ಲಿ ಮತ್ತೆ ಪ್ಲಾಸ್ಟಿಕ್ ಕವರ್ರು. ಓನರ್ "ಅವ್ರಿಗೆ ಅರಿವಿಲ್ಲ ಬಿಡಿ" ಅಂತಾರೆ. ನಂಗ್ಯಾಕೋ ವಿಷ್ಯ ಅಷ್ಟೇ ಅನ್ಸಲ್ಲ. ಇಂಥ ಕಡೆ ಕೆಲಸ ಮಾಡಿದೋರು ಇದ್ರೆ ಹೇಳಿ, ಒಬ್ಬ ಕೆಲಸಗಾರನಿಗೆ ಇದು ನಂದೂ ಅನ್ಸೋದು ಯಾವುದ್ರಿಂದ?

ಮುಸುರೆ_ಮಾಸ್ತರ:
ಅರಿವಿಲ್ಲ ಅನ್ನೋದು ಓದಿ ನಗಿ ಬಂತ್ರಿ. ನಾ ಮೂರು ವರ್ಷ ಪಾತ್ರೆ ತೊಳದೇನಿ, ಅದೂ ಇಂಥಾದ್ದ ಒಂದು ಗ್ರೀನ್ ಹೋಟೆಲ್‌ನ್ಯಾಗ. ಬಿಸಾಕೋ ಪ್ಲೇಟ್ ತಗದು ಸ್ಟೀಲ್ ತಂದ್ರು, ಕಸ ಕಡಿಮಿ ಆತು ಖರೆ, ಆದ್ರ ಆ ಕೆಲಸ ಎಲ್ಲಿ ಹೋತು? ಸೀದಾ ನನ್ನ ಸಿಂಕಿಗೆ ಬಂತು! ತೊಳಿಯೋ ಮಂದಿ ಮೊದ್ಲು ಇಬ್ಬರು, ಆಮ್ಯಾಲೂ ಇಬ್ಬರ. ಆ ನಾಝಲ್ ಬ್ಯಾರೆ. ಚಲೋದಿದ್ರ ಕಡಿಮಿ ನೀರಾಗೂ ಜೋರ ಹೊಡೀತೈತಿ, ಅಗ್ಗದ್ದು ತಂದು ಹಾಕಿದ್ರ ಜಿಡ್ಡು ಜಪ್ಪಯ್ಯ ಅಂದ್ರೂ ಹೋಗೂದಿಲ್ಲ. ಗ್ಲೌಸ್ ಕೊಡದ ಎಂಜಲದಾಗ ಕೈ ಹಾಕಿ ಕಸ ಆರಿಸು ಅಂದ್ರ ಯಾರಿಗೆ ಬರತೈತಿ ಪರಿಸರದ ಮ್ಯಾಲ ಪ್ರೀತಿ? ನಿಮ್ಮ ಸರ್ವಿಸ್ ಹುಡುಗ್ರಿಗೇನ್ರಿ, ಹೇಳ್ಕೊಂಡ್ರ ಕಸ್ಟಮರ್ ಶಹಬ್ಬಾಸ್ ಅಂತಾರ, ಟಿಪ್ಸೂ ಸಿಗತೈತಿ. ಹಿತ್ತಲಾಗ ನಿಂತವನ್ನ ಯಾರ್ ನೋಡ್ತಾರ.

ಬೆಂಚ್_ನಂ_ಒಂದು:
ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಪಾಠ ಮಾಡೋನು, ಮೇಲಿನವ್ರು ಹೇಳಿದ್ದು ಪುಸ್ತಕಕ್ಕೂ ಸರಿಯಾಗೇ ಕೂರುತ್ತೆ. ಐಸೆಕ್ ಅಜೆನ್ ಅನ್ನೋ ಮನಃಶಾಸ್ತ್ರಜ್ಞರು 1991ರ ಲೇಖನದಲ್ಲಿ ಬಿಡಿಸಿ ಹೇಳಿದ ಲೆಕ್ಕ ಇದೆ, ಒಂದು ಕೆಲಸ ಮಾಡ್ಬೇಕು ಅನ್ನೋ ಮನಸ್ಸು ಬರೋಕೆ ಅದ್ರ ಬಗ್ಗೆ ನಮಗಿರೋ ಅಭಿಪ್ರಾಯ ಒಂದೇ ಸಾಲಲ್ಲ, ಸುತ್ತ ಇರೋರು ನಮ್ಮಿಂದ ಏನು ಬಯಸ್ತಾರೆ ಅನ್ನೋದೂ ಬೇಕು, ಇದು ನನ್ನ ಕೈಲಾಗುತ್ತೆ ಅನ್ನೋ ನಂಬಿಕೆನೂ ಬೇಕು. ನಿಮ್ಮ ಟ್ರೈನಿಂಗ್ ಮುಟ್ಟಿದ್ದು ಮೊದಲನೇದನ್ನ ಮಾತ್ರ. ರಶ್ ಟೈಮಲ್ಲಿ ಹೆಡ್ ಶೆಫ್ಫೇ ಎಲ್ಲಾನೂ ಒಂದೇ ಬಿನ್ನಿಗೆ ಸುರೀತಿದ್ರೆ ಹೆಲ್ಪರ್ ಹುಡುಗ ಕಲಿಯೋದು ಶೆಫ್ಫನ್ನ ನೋಡಿ, ಗೋಡೆ ಮೇಲಿನ ಪೋಸ್ಟರ್ ನೋಡಿ ಅಲ್ಲ.
ಒಂದು ತಕರಾರು ಮಾತ್ರ ಇದೆ. ಎಲ್ಲಾ ಗ್ಲೌಸು ಟಿಪ್ಸಲ್ಲೇ ಮುಗಿಯಲ್ಲ. ಹರ್ಜ್‌ಬರ್ಗ್ ಅನ್ನೋ ಇನ್ನೊಬ್ಬ ಮನಃಶಾಸ್ತ್ರಜ್ಞರು 1959ರಲ್ಲೇ ಹೇಳಿದ್ರಲ್ಲ, ಸಂಬಳ, ಕೆಲಸದ ಜಾಗದ ಸ್ಥಿತಿ ಇವು ಸರಿ ಇಲ್ದಿದ್ರೆ ಅಸಮಾಧಾನ ಗ್ಯಾರಂಟಿ, ಆದ್ರೆ ಸರಿ ಮಾಡಿದ ಮಾತ್ರಕ್ಕೆ ಉತ್ಸಾಹ ಉಕ್ಕಲ್ಲ, ಅದಕ್ಕೆ ಗುರುತಿಸೋರು ಬೇಕು, ಮಾಡೋ ಕೆಲಸಕ್ಕೊಂದು ಅರ್ಥ ಇದೆ ಅನ್ನಿಸ್ಬೇಕು. ಅವರ ಈ ಸಿದ್ಧಾಂತದ ಮೇಲೆ ಜಗಳ ಬೇಕಾದಷ್ಟಿದೆ ಬಿಡಿ, ಆದ್ರೂ ಅಡುಗೆಮನೆ ನೋಡ್ದಾಗೆಲ್ಲ ನಂಗೆ ಅದೇ ನೆನಪಾಗುತ್ತೆ.

ಬಿಟ್ಟು_ಬಂದವಳು:
ನಾನು ಉಲ್ಟಾ ಕೇಸು. ಗ್ರೀನ್ ಅಂತಾನೇ ಹುಡುಕ್ಕೊಂಡು ಹೋಗಿ ಸೇರಿದ್ದೆ, ಸಂಬಳ ಸ್ವಲ್ಪ ಕಮ್ಮಿ ಇದ್ರೂ ಪರ್ವಾಗಿಲ್ಲ ಅಂತ. ಮೂರು ಬಿನ್ನನ್ನೂ ನಾನೇ ಕಾಯ್ತಿದ್ದೆ ಅನ್ನಿ, ಯಾರಾದ್ರೂ ತಪ್ಪು ಹಾಕಿದ್ರೆ ತೆಗ್ದು ಹಾಕ್ತಿದ್ದೆ. ಒಂದಿನ ಕ್ಲೋಸಿಂಗ್ ಶಿಫ್ಟಲ್ಲಿ ಹಿಂದ್ಗಡೆ ಬಾಗ್ಲಿಗೆ ಹೋಗಿ ನೋಡ್ತೀನಿ, ಮೂರನ್ನೂ ಒಂದೇ ಗಾಡಿಗೆ ಸುರೀತಿದ್ದಾರೆ. ಮೆನು ಮೇಲೆ ಮಾತ್ರ ಹಸಿರೆಲೆ ಚಿತ್ರ. ಮ್ಯಾನೇಜರ್‌ನ ಕೇಳಿದ್ರೆ "ಕಸ್ಟಮರ್‌ಗೆ ಕಾಣೋದು ಮುಖ್ಯ ಅಲ್ವಾ" ಅಂದ್ರು. ಗ್ರೀನ್‌ವಾಶಿಂಗ್, ಅಂದ್ರೆ ಬರೀ ತೋರಿಕೆಗೆ ಪರಿಸರಸ್ನೇಹಿ ಅನ್ನಿಸ್ಕೊಳ್ಳೋದು, ಆ ಪದ ಹುಟ್ಟಿದ್ದೇ 1986ರಲ್ಲಿ ಜೇ ವೆಸ್ಟರ್‌ವೆಲ್ಡ್ ಅನ್ನೋರು ಹೋಟೆಲ್ ಟವೆಲ್ ಬಗ್ಗೆ ಬರೆದಾಗಂತೆ, ಪರಿಸರ ಉಳಿಸೋಕೆ ಟವೆಲ್ ಮತ್ತೆ ಬಳಸಿ ಅಂತ ಚೀಟಿ ಇಟ್ಟು ಲಾಂಡ್ರಿ ಖರ್ಚು ಉಳಿಸ್ಕೊಳ್ಳೋದು. ಅದನ್ನ ಓದಿದಾಗ ನಮ್ಮ ಮ್ಯಾನೇಜರ್ ಮುಖಾನೇ ಕಣ್ಮುಂದೆ ಬಂತು. ಪರಿಸರದ ಬಗ್ಗೆ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ, ಆ ಜಾಗದ ಬಗ್ಗೆ ಮಾತ್ರ ಅವತ್ತೇ ಮನಸ್ಸು ಮುರೀತು.

ಬಿಸಿಒಲೆ:
ನಾನು ಕುಕ್. ಇಂಡಕ್ಷನ್ ತಂದಾಗ ಮೊದ್ಲು ಗಲಾಟೆ ಮಾಡಿದ್ದೇ ನಾನು, ಉರಿ ಕಾಣ್ದೆ ಅಡುಗೆ ಹೆಂಗ್ರೀ ಮಾಡೋದು ಅಂತ. ಎರಡೇ ವಾರ. ಗ್ಯಾಸಲ್ಲಾದ್ರೆ ಅರ್ಧಕ್ಕರ್ಧ ಬಿಸಿ ಪಾತ್ರೆಗಲ್ಲ, ನಮ್ಮ ಮುಖಕ್ಕೇ ಹೊಡೆಯೋದು, ಇದ್ರಲ್ಲಿ ಶಿಫ್ಟ್ ಮುಗ್ದಾಗ ಶರ್ಟ್ ಹಿಂಡೋ ಹಂಗಿರ್ಲಿಲ್ಲ. ಈಗ ಕಿತ್ಕೊಂಡು ಹೋಗ್ತೀನಿ ಅಂದ್ರೆ ಅದಕ್ಕೂ ಗಲಾಟೆ ಮಾಡ್ತೀನಿ 😄
ಆ ತೂಕದ ಬುಕ್ ಬಗ್ಗೆ ಹುಷಾರು. ವಿಶ್ವಸಂಸ್ಥೆ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಸುಮಾರು 105 ಕೋಟಿ ಟನ್ ಆಹಾರ ಹಾಳಾಯ್ತು, ಅದ್ರಲ್ಲಿ ಶೇ 28ರಷ್ಟು ಹೋಟೆಲ್ ಕ್ಯಾಂಟೀನ್ ಇಂಥ ಕಡೆಯಿಂದ. ಅಷ್ಟು ದೊಡ್ಡ ನಂಬರ್ ಹೇಳಿದ್ರೆ ಹೆಲ್ಪರ್‌ಗೆ ನಿದ್ದೆ ಬರುತ್ತೆ, ನಿನ್ನೆ ನಮ್ಮ ಬಕೆಟ್ ಎಷ್ಟಿತ್ತು ಇವತ್ತು ಎಷ್ಟು ಅಂದ್ರೆ ಕಿವಿ ನಿಮಿರುತ್ತೆ. ಆದ್ರೆ ನಮ್ಮಲ್ಲಿ ಒಂದ್ಸಲ ಬಕೆಟ್ ಭಾರ ಬಂತು ಅಂತ ಒಬ್ಬನ್ನ ಎಲ್ರ ಮುಂದೆ ಬೈದ್ರು, ಅವತ್ತಿಂದ ಎಲ್ರೂ ತೂಕಕ್ಕೆ ಮುಂಚೆನೇ ಅರ್ಧ ಮೋರಿಗೆ ಸುರಿಯೋಕೆ ಶುರು. ಬುಕ್ಕಲ್ಲಿ ವೇಸ್ಟೇ ಇಲ್ಲ!

ಶಿಫ್ಟ್_ಸೂಪರ್‌ವೈಸರ್:
ಎಲ್ರಿಗೂ ಥ್ಯಾಂಕ್ಸ್. ಇವತ್ತು ಸುಮ್ನೆ ವಾಶಿಂಗ್ ಏರಿಯಾದಲ್ಲಿ ಅರ್ಧ ಗಂಟೆ ನಿಂತಿದ್ದೆ. ಒಣ ಕಸದ ಬಿನ್ ಇಟ್ಟಿರೋದು ಬಾಗ್ಲು ಹಿಂದೆ, ಅಲ್ಲಿಗೆ ಹೋಗ್ಬೇಕು ಅಂದ್ರೆ ಕೈಲಿರೋ ಪ್ಲೇಟ್ ಕೆಳಗಿಟ್ಟು ಬಾಗ್ಲು ತೆಗೀಬೇಕು. ಏಳು ತಿಂಗಳು ಇದು ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ, ನಾಚಿಕೆ ಆಯ್ತು. ಗ್ಲೌಸ್‌ಗೆ ಓನರ್ ಓಕೆ ಅಂದ್ರು, ತೊಳೆಯೋಕೆ ಇನ್ನೊಬ್ರು ಬೇಕು ಅಂದಿದ್ದಕ್ಕೆ "ನೋಡೋಣ" ಅಂದಿದ್ದಾರೆ. ಆ "ನೋಡೋಣ" ಎಲ್ಲಿಗೆ ಹೋಗುತ್ತೆ ಅಂತ ನಿಮಗೂ ಗೊತ್ತು.
@ಬಿಟ್ಟು_ಬಂದವಳು, ನೀವು ಬರೆದಿದ್ದು ಓದಿ ಹೊಟ್ಟೆ ತೊಳಸಿದಂಗಾಯ್ತು. ನಮ್ಮ ಮೂರು ಬಿನ್ ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ನಾನ್ಯಾವತ್ತೂ ನೋಡಿಲ್ಲ. ನಾಳೆ ಗಾಡಿ ಬರೋ ಹೊತ್ತಿಗೆ ಹಿಂದ್ಗಡೆ ಹೋಗಿ ನಿಂತ್ಕೋತೀನಿ.

ಮುಸುರೆ_ಮಾಸ್ತರ:
ಹೋಗೂ ಮುಂದ ನಿಮ್ಮ ತೊಳಿಯೋ ಹುಡುಗ್ರನ್ನ ಒಂದ ಮಾತ ಕೇಳ್ರಿ. ಅವರಿಗೆ ಆಗ್ಲೇ ಗೊತ್ತಿರತೈತಿ.