ಬಿದನೂರು ಯುದ್ಧ ಆಡೋಕೆ ಯಾವ ಮಾಸಪತ್ರಿಕೆ ತರಿಸಲಿ?

ತೀರ್ಥಹಳ್ಳಿ_ಮಾಣಿ:
1763ರಲ್ಲಿ ಹೈದರಾಲಿ ಬಿದನೂರು ಹಿಡಿದದ್ದನ್ನು ಪುಟ್ಟ ಸೈನಿಕರನ್ನಿಟ್ಟು ಆಡುವ ಆಸೆ. ಜಗಲಿಯ ಮೇಜು ಖಾಲಿ ಇದೆ. 'ವೈಟ್ ಡ್ವಾರ್ಫ್'ಗೆ ಚಂದಾ ಕಟ್ಟಿದರೆ ಸಾಕಾ? ಮತ್ತೆ, ಈ ಮಳೆಯಲ್ಲಿ ಬಣ್ಣ ಹಚ್ಚೋದು ಹೇಗೆ ಮಾರಾಯ್ರೆ?

ಸಾಗರದ_ಕುಂಚ:
ವೈಟ್ ಡ್ವಾರ್ಫ್ 1977ರಲ್ಲಿ ಶುರುವಾದದ್ದು. ಬಣ್ಣ ಹಚ್ಚಿದ ಗೊಂಬೆಗಳ ಫೋಟೊ ನೋಡೋಕೇ ತಗೊಳ್ಳಬಹುದು. ಆದರೆ ಅದು ಗೇಮ್ಸ್ ವರ್ಕ್‌ಶಾಪ್ ಕಂಪನಿಯದೇ ಪತ್ರಿಕೆ. ಈಗ ಅದರಲ್ಲಿ ಬರುವುದೆಲ್ಲ ವಾರ್‌ಹ್ಯಾಮರ್ ತರದ, ಕಲ್ಪನಾಲೋಕದ ಯುದ್ಧ ಆಡುವ ಅವರದೇ ಆಟಗಳು. ಹೈದರಾಲಿಯನ್ನು ಅಲ್ಲಿ ಹುಡುಕಬೇಡಿ! ಇತಿಹಾಸದ ಯುದ್ಧ ಬೇಕಿದ್ದರೆ 'ವಾರ್‌ಗೇಮ್ಸ್ ಇಲ್ಲಸ್ಟ್ರೇಟೆಡ್' ನೋಡಿ. ಡಿಜಿಟಲ್ ಪ್ರತಿಯೇ ವಾಸಿ. ಇಂಗ್ಲೆಂಡಿನಿಂದ ಕಾಗದದ ಪ್ರತಿ ತರಿಸಿದರೆ ಅಂಚೆ ಖರ್ಚು ಜಾಸ್ತಿ, ಆಮೇಲೆ ನಮ್ಮೂರ ಬೂಷ್ಟು ಬೇರೆ.

ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ಮುಟ್ಟಬೇಡಿ. ಗಾಳಿಯಲ್ಲಿ ತೇವ ಇದ್ದರೆ ಪುಡಿಪುಡಿಯಾಗಿ ಕೂರುತ್ತದೆ. ಕುಂಚದಲ್ಲಿ ಹಚ್ಚುವ ಪ್ರೈಮರ್ ಸಿಗುತ್ತದೆ. ತೆಳ್ಳಗೆ ಎರಡು ಸಲ ಹಚ್ಚಿ.

ಶಿವಮೊಗ್ಗ_ದಾಳ:
28 ಮಿ.ಮೀ. ಎತ್ತರದ ಗೊಂಬೆಯಲ್ಲಿ ಮುತ್ತಿಗೆ ಆಡಲು ಹೋದರೆ ಜೇಬು ಖಾಲಿ. 6 ಮಿ.ಮೀ. ತಗೊಳ್ಳಿ, ಸೈನ್ಯ ಸೈನ್ಯದ ಹಾಗೇ ಕಾಣುತ್ತದೆ. ಬಿದನೂರು ಅಂದರೆ ಈಗಿನ ನಗರ ಊರು, ಅಲ್ಲಿನ ಕೋಟೆ ಹತ್ತಿರದಲ್ಲೇ ಇದೆಯಲ್ವಾ, ಗೋಡೆಗಳ ಫೋಟೊ ತೆಗೆದುಕೊಂಡು ಬನ್ನಿ. ಥರ್ಮಾಕೋಲಿನಲ್ಲಿ ಕತ್ತರಿಸಬಹುದು. ಅದಕ್ಕೂ ಸ್ಪ್ರೇ ಬೇಡ, ಕರಗಿಬಿಡುತ್ತದೆ.